ಕೋಳಿ ಹಾಡಿನ ಮುನಿರಾಮಯ್ಯ ಮೇಷ್ಟ್ರು

ಚನ್ನರಾಯಪಟ್ಟಣ ಹೋಬಳಿಯಲ್ಲಿ ಮುನಿರಾಮಯ್ಯ ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಶಾಲೆಗೆ ಅವರು ಬೆನ್ನು ತಿರುಗಿಸಿದ್ದೇ ನಾಲ್ಕನೇ ಕ್ಲಾಸಿನಲ್ಲಿ. ಅವರು ಡ್ರಾಮಾ ಮೇಷ್ಟ್ರು. ಯಾವುದಾದರೂ ಊರಿನ ಗಂಡಸರಿಗೆ ಪೌರಾಣಿಕ ನಾಟಕ ಆಡುವ ಹುಕಿ ಬಂತೆಂದರೆ, ಹಾರ್ಮೋನಿಯಂ ಪೆಟ್ಟಿಗೆ ಸಮೇತ ಬಂದಿಳಿದು, ಟ್ರ್ಯಾಕ್ಟರ್ ಓಡಿಸುವವನನ್ನು ಭೀಮನನ್ನಾಗಿಯೂ ಹಾಲಿನ ಡೈರಿಯ ಸೆಕ್ರೆಟರಿಯನ್ನು ಕೃಷ್ಣನನ್ನಾಗಿಯೂ ಮಾಡಿ, ಹಾಡು ಕಲಿಸಿ, ನಾಟಕದ ದಿನ ಸ್ಟೇಜಿನ ಪಕ್ಕ ಕೂತು ನುಡಿಸಿ, ಬೆಳಗಿನ ಬಸ್ಸಿಗೆ ಹೊರಡುವವರು. ವಯಸ್ಸು ಎಪ್ಪತ್ತರ ಹತ್ತಿರ. ಕಂಚಿನ ಕಂಠ ಇನ್ನೂ ಹಾಗೇ ಇದೆ.

ಅವರ ಪಾಠ ಎಂದರೆ ಬೈಗುಳ. ಬೈಯದ ಮೇಷ್ಟ್ರ ಹತ್ತಿರ ಕಲಿತ ಪಾತ್ರ ನಿಲ್ಲುವುದಿಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆ. ಅದನ್ನು ಹುಟ್ಟುಹಾಕಿದವರೂ ಇಂಥ ಮೇಷ್ಟ್ರುಗಳೇ ಇರಬೇಕು. ತಾಳ ತಪ್ಪಿದವನಿಗೆ ಅವರು ಅಲ್ಲೇ ಒಂದು ಅಡ್ಡಹೆಸರು ಇಡುತ್ತಿದ್ದರು. ಅರ್ಜುನನ ಪಾತ್ರ ಮಾಡಿದ ಒಬ್ಬನಿಗೆ ಒಡಕು ತಮಟೆ ಎಂದು ಹೆಸರಿಟ್ಟರು. ಅವನ ಮದುವೆ ಪತ್ರಿಕೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅದೇ ನಿಂತುಹೋಯಿತು. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ, ತಮಟೆ ತಾತ ಅನ್ನುತ್ತವೆ. ಅವನು ನಗುತ್ತಾನೆ. ನಗದೆ ಏನು ಮಾಡಿಯಾನು, ಪಾಪ.

ನಮ್ಮ ನಾಟಕಗಳಿಗೆ ಎರಡು ಕಟ್ಟಳೆ ಇವೆ. ಒಂದು, ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಅನ್ನುತ್ತಾರೆ. ಅಂದಮೇಲೆ ಮೇಷ್ಟ್ರು ಮತ್ತೆ ನುಡಿಸಲೇಬೇಕು, ಪಾತ್ರಧಾರಿ ಸತ್ತು ಬಿದ್ದಿದ್ದರೂ ಎದ್ದು ಹಾಡಲೇಬೇಕು. ಒನ್ಸ್ ಮೋರ್ ಬೀಳದ ನಾಟಕವನ್ನು ನಮ್ಮವರು ನಾಟಕದ ಲೆಕ್ಕಕ್ಕೇ ಸೇರಿಸುವುದಿಲ್ಲ. ಇನ್ನೊಂದು, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡದೆ ಪರದೆ ಎಳೆಯಬಾರದು. ಒನ್ಸ್ ಮೋರ್‌ಗಳೇ ರಾತ್ರಿಯನ್ನೆಲ್ಲ ನುಂಗಿ, ಇನ್ನೂ ಯುದ್ಧವೇ ಶುರುವಾಗದೆ ಪೂರ್ವದಲ್ಲಿ ಬೆಳಕು ಹರಿದರೆ, ಮೇಷ್ಟ್ರು ಉಳಿದ ದೃಶ್ಯಗಳನ್ನೆಲ್ಲ ಹಾರಿಸಿ ಸೀದಾ ಮಂಗಳಕ್ಕೆ ಬಂದುಬಿಡುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೌರವರು ಸೋಲುತ್ತಾರೆಂದು ಎಲ್ಲರಿಗೂ ಗೊತ್ತಿದೆ, ಅದನ್ನು ಆಡಿಯೇ ತೋರಿಸಬೇಕಾದ್ದಿಲ್ಲ. ಮುನಿರಾಮಯ್ಯನವರ ಬದುಕಿನ ಬಹುಪಾಲು ಈ ಎರಡು ಕಟ್ಟಳೆಗಳ ನಡುವೆ ಕಳೆದಿತ್ತು. ಅವರನ್ನು ಕೆಡವಿದ್ದೂ ಇವೇ.

ಒಂದು ಮಧ್ಯಾಹ್ನ ಊರಿನ ಸರ್ಕಾರಿ ಶಾಲೆಯ ಪದ್ಮಶ್ರೀ ಮಿಸ್ಸು ಅವರ ಮನೆಗೆ ಬಂದರು. ಮೇಷ್ಟ್ರು ಜಗಲಿಯ ಮೇಲೆ ಕೂತು ಹಾರ್ಮೋನಿಯಂ ತಿದಿಗೆ ಅಂಟು ಹಚ್ಚುತ್ತಿದ್ದರು.

“ಮೇಷ್ಟ್ರೇ, ನಮ್ಮ ಆರನೇ ಕ್ಲಾಸಲ್ಲಿ ನವ್ಯಶ್ರೀ ಅಂತ ಒಬ್ಬ ಹುಡುಗಿ ಇದ್ದಾಳೆ. ಕೋಳಿ ಫಾರಂ ಪವಿತ್ರಮ್ಮನ ಮಗಳು. ಶಾಲೆಗೆ ಬರೋದನ್ನೇ ಬಿಡ್ತಾ ಇದ್ದಾಳೆ,” ಎಂದರು ಮಿಸ್ಸು.

ಊರಾಚೆ ಒಂದು ಕೋಳಿ ಫಾರಂ ಇದೆ. ಪವಿತ್ರ ಅಲ್ಲಿ ಕೆಲಸಕ್ಕಿದ್ದಾಳೆ. ಗಂಡ ಇಲ್ಲ. ಫಾರಂನವರು ಕೊಟ್ಟ ಒಂದು ರೂಮಿನಲ್ಲೇ ತಾಯಿ ಮಗಳ ವಾಸ. ಯೂನಿಫಾರಂ ಒಗೆದು ಹಾಕಿದರೆ ಶೆಡ್ಡಿನ ಪಕ್ಕದ ತಂತಿಯ ಮೇಲೆಯೇ ಒಣಗಬೇಕು; ಎಷ್ಟು ಸೋಪು ಹಾಕಿದರೂ ಗೊಬ್ಬರದ ವಾಸನೆ ಬಟ್ಟೆ ಬಿಡುವುದಿಲ್ಲ. ಮಕ್ಕಳು ನವ್ಯಶ್ರೀಗೆ ಕೋಳಿ ಎಂದು ಹೆಸರಿಟ್ಟಿದ್ದರು. ಅವಳು ಬಂದು ಕೂತರೆ ಪಕ್ಕದವರು ಮೂಗು ಹಿಡಿದು ಜರುಗುವುದು, ಕೊಕ್ ಕೊಕ್ ಅನ್ನುವುದು, ಬ್ಯಾಗಿನೊಳಗೆ ರಾಗಿ ಕಾಳು ಸುರಿಯುವುದು, ಹೀಗೇ ನಡೆದಿತ್ತು.

“ಬೈದು ನೋಡಿದ್ರಾ?”

“ಬೈದೆ. ಬುದ್ಧೀನೂ ಹೇಳ್ದೆ. ಹೇಳೋವಾಗ ಎಲ್ಲ ತಲೆ ತಗ್ಗಿಸ್ಕೊಂಡಿರ್ತಾರೆ. ಬೋರ್ಡ್ ಕಡೆ ತಿರುಗಿದ್ರೆ ಸಾಕು, ಹಿಂದಿಂದ ಕೊಕ್ ಕೊಕ್ ಅಂತ ಶುರು. ಅದಕ್ಕೇ ನಿಮ್ಮ ಹತ್ರ ಬಂದೆ. ನೀವು ಕಲಿಸಿದ ಹಾಡು ಜನದ ಬಾಯಲ್ಲಿ ವರ್ಷಗಟ್ಲೆ ನಿಲ್ತದಂತೆ. ವಾರ್ಷಿಕೋತ್ಸವಕ್ಕೆ ಒಂದು ಸಂಗೀತ ನಾಟಕ ಮಾಡಿಸ್ಕೊಡಿ. ಚುಡಾಯಿಸೋದು ತಪ್ಪು ಅಂತ ಅವರ ಬಾಯಿಂದಲೇ ಹಾಡ್ಸೋಣ.”

ಹೋಬಳಿಯಲ್ಲೆಲ್ಲ ಹೆಚ್ಚು ಜನರಿಗೆ ಅಡ್ಡಹೆಸರು ಇಟ್ಟ ಮನುಷ್ಯನ ಬಳಿಗೇ ಬಂದು, ಅಡ್ಡಹೆಸರು ಇಡುವುದು ತಪ್ಪೆಂದು ನಾಟಕ ಮಾಡಿಸಿ ಅಂದರೆ ಹೇಗೆ ಎಂದು ಮಿಸ್ಸಿಗೂ ಹೊಳೆಯಲಿಲ್ಲ, ಮೇಷ್ಟ್ರಿಗೂ ಹೊಳೆಯಲಿಲ್ಲ. ತಾವು ಬಿಟ್ಟುಬಂದ ಶಾಲೆಯೇ ಮನೆ ಬಾಗಿಲಿಗೆ ಬಂದು ಮೇಷ್ಟ್ರೇ ಎಂದು ಕರೆದದ್ದು ಅವರಿಗೆ ಹಿಗ್ಗು ತಂದಿತ್ತು. ಅಂಟು ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಆಗಲಿ ಎಂದರು.

ವಾರ ಕಳೆಯುವುದರೊಳಗೆ ನಾಟಕ ಸಿದ್ಧವಾಯಿತು. ಕಥೆ ಇಷ್ಟೇ. ಹಾರುವ ಹಕ್ಕಿಗಳ ಶಾಲೆಗೆ ಒಂದು ಕೋಳಿ ಓದಲು ಬರುತ್ತದೆ. ನಿನಗೆ ಹಾರಲು ಬಾರದು, ನೀನು ತಿಪ್ಪೆಯವಳು ಎಂದು ಹಕ್ಕಿಗಳೆಲ್ಲ ಸುತ್ತ ನಿಂತು ಹಾಡಿ ಹಂಗಿಸುತ್ತವೆ. ಆಮೇಲೆ ಒಂದು ಹಾವು ಬರುತ್ತದೆ. ರೆಕ್ಕೆ ಬಲಿತ ಹಕ್ಕಿಗಳೆಲ್ಲ ತಮ್ಮ ಮರಿಗಳನ್ನು ಬಿಟ್ಟು ಪುರ್ರನೆ ಹಾರಿಹೋಗುತ್ತವೆ. ಕೋಳಿ ಮಾತ್ರ ನಿಂತು, ಎಲ್ಲರ ಮರಿಗಳನ್ನೂ ರೆಕ್ಕೆಯಡಿ ಮುಚ್ಚಿಕೊಂಡು ಕಾಪಾಡುತ್ತದೆ. ಹಕ್ಕಿಗಳು ನಾಚಿ ಹಿಂದಿರುಗುತ್ತವೆ, ಕೊನೆಯ ಹಾಡನ್ನು ಕೋಳಿ ಒಬ್ಬಳೇ ಹಾಡುತ್ತಾಳೆ. ಒಳ್ಳೆಯ ಕಥೆಯೇ. ಅದರಲ್ಲಿ ನನ್ನದೇನೂ ತಕರಾರಿಲ್ಲ.

ತಕರಾರು ಇದ್ದದ್ದು ಪದ್ಮಶ್ರೀ ಮಿಸ್ಸಿಗೆ. “ಕೋಳೀನೇ ಯಾಕೆ ಮೇಷ್ಟ್ರೇ? ಮೊಲನೋ ಆಮೆನೋ ಮಾಡ್ಬಾರ್ದಾ? ಅದೂ ಅಲ್ದೆ ಕೋಳಿ ಪಾತ್ರ ಅವಳಿಗೇ ಅಂತೀರಿ.”

“ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಕಣಮ್ಮ. ಯಾವ ಹೆಸರಿಟ್ಟು ಅಳಿಸಿದ್ರೋ ಅದೇ ಹೆಸರಲ್ಲಿ ಆ ಮಗ ಗೆದ್ದು ನಿಲ್ಲಬೇಕು. ಆಮೇಲೆ ಯಾವನು ಕೊಕ್ ಅಂತಾನೆ ನೋಡೇಬಿಡ್ತೀನಿ.”

ಈ ಮಾತು ಮಿಸ್ಸಿಗೆ ಪೂರ್ತಿ ಸರಿ ಎನಿಸಲಿಲ್ಲ. ತಪ್ಪು ಎನ್ನಲು ಧೈರ್ಯವೂ ಬರಲಿಲ್ಲ. ಆದರೆ ತಾಯಿಯನ್ನು ನೀವೇ ಕೇಳಬೇಕು ಎಂದು ಪಟ್ಟು ಹಿಡಿದರು. ಮೇಷ್ಟ್ರು ಫಾರಂಗೆ ನಡೆದುಕೊಂಡೇ ಹೋದರು. ಪವಿತ್ರ ಶೆಡ್ಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಒಡೆದ ಮೊಟ್ಟೆಗಳನ್ನು ಬೇರೆ ಮಾಡಿ ಉಳಿದವನ್ನು ಟ್ರೇಗೆ ಜೋಡಿಸುತ್ತಿದ್ದಳು. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿದಳು, ಕೈ ನಿಲ್ಲಿಸಲಿಲ್ಲ.

“ಎಲ್ಲಾರ ಮುಂದೆ ನನ್ನ ಮಗಳನ್ನ ಕೋಳಿ ಅಂತ ಆಡ್ಕೊಂತಾರೆ. ಅಷ್ಟೇ ತಾನೆ ಸ್ವಾಮಿ?”

“ಅಷ್ಟೇ ಅಲ್ಲ ಕಣವ್ವ. ಕೊನೇಲಿ ಗೆಲ್ಲೋದು ಅವಳೇ. ಕೊನೇ ಹಾಡು ಅವಳೊಬ್ಬಳ್ದೇ. ಊರೆಲ್ಲ ಉಸಿರು ಬಿಗಿಹಿಡ್ಕೊಂಡು ಕೇಳ್ತದೆ. ಇದು ನನ್ನ ಮಾತು.”

ಪವಿತ್ರ ಇನ್ನೊಂದು ಮೊಟ್ಟೆಯನ್ನು ಟ್ರೇಗೆ ಇಟ್ಟಳು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನವ್ಯಶ್ರೀ, “ನಾನು ಹಾಡ್ತೀನಮ್ಮ,” ಎಂದಳು. ಆ ಮನೆಯಲ್ಲಿ ಎಷ್ಟೋ ದಿನಗಳಿಂದ ಶಾಲೆಗೆ ಸಂಬಂಧಪಟ್ಟಂತೆ ಅವಳು ಆಡಿದ ಮೊದಲ ಮಾತು ಅದಾಗಿತ್ತಂತೆ. ತಾಯಿ ಒಪ್ಪಿದಳು.

ತಾಲೀಮು ಶಾಲೆಯ ಹಜಾರದಲ್ಲಿ ಶುರುವಾಯಿತು. ತಬಲಾಕ್ಕೆ ಹತ್ತಿರದ ಪೇಟೆ ವಿಜಯಪುರದಿಂದ ಮಸ್ತಾನ್ ಬಂದರು. ಮಸ್ತಾನ್ ಮತ್ತು ಮುನಿರಾಮಯ್ಯ ಒಟ್ಟಿಗೆ ನುಡಿಸಿಕೊಂಡೇ ಮುದುಕರಾದವರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ತಾಳ ಗೊತ್ತಾಗುತ್ತಿತ್ತು. ಹಕ್ಕಿಗಳ ನಾಯಕಿ ಗಿಣಿಯ ಪಾತ್ರಕ್ಕೆ ಮೇಷ್ಟ್ರು ಆರಿಸಿಕೊಂಡದ್ದು ತಮ್ಮ ಮೊಮ್ಮಗಳು ಸಿಂಚನಳನ್ನು. ಅವಳೂ ಅದೇ ಆರನೇ ಕ್ಲಾಸು. ತಾತನ ಕಂಠವೇ ಬಂದಿತ್ತು, ತಾತನ ಗತ್ತೂ ಬಂದಿತ್ತು. ಕ್ಲಾಸಿನಲ್ಲಿ ಮೊದಲು ಕೊಕ್ ಎಂದವಳು ಅವಳೇ ಎಂಬುದು ಮಿಸ್ಸಿಗೆ ಗೊತ್ತಿತ್ತು. ಆ ತಾತನ ಮುಖ ನೋಡಿ ಹೇಳಲಾರದೆ ಹೋದರು.

ಹಂಗಿಸುವ ಹಾಡನ್ನು ಮೇಷ್ಟ್ರು ಹೀಗೆ ಕಟ್ಟಿದ್ದರು:

ಕೊಕ್ಕೊಕ್ಕೊ ಕೋಳಮ್ಮ, ರೆಕ್ಕೆ ಯಾಕೆ ಹೇಳಮ್ಮ,
ಹಾರೋಕಂತೂ ಬಾರದಮ್ಮ, ತಿಪ್ಪೆ ನಿನ್ನ ಊರಮ್ಮ.

ಪ್ರತಿ ಸಾಲಿನ ಕೊನೆಗೂ ಒಂದು ಬಿಡುವು. ಆ ಬಿಡುವಿನಲ್ಲಿ ಹಾರ್ಮೋನಿಯಂನಿಂದ ಕೊಕ್ ಕೊಕ್ ಎಂದು ಎರಡು ಮೊಟಕು ಸ್ವರ, ತಬಲಾದಲ್ಲಿ ಎರಡು ಪೆಟ್ಟು. ಕೇಳಿದವರ ಕಾಲು ತಾನಾಗಿ ಕುಣಿಯುವಂತಿತ್ತು. ಕೆಟ್ಟ ಮಾತಿಗೆ ಅಷ್ಟು ಒಳ್ಳೆಯ ಮಟ್ಟು ಹಾಕಬಾರದು ಎಂದು ಅವರಿಗೆ ಯಾರು ಹೇಳಬೇಕಿತ್ತು? ಮಟ್ಟು ಹಾಕುವುದೇ ಕಸುಬಾದವರಿಗೆ ಮಾತು ಯಾವುದಾದರೇನು. ಕೋಳಿಯ ಕೊನೆಯ ಹಾಡು ಬೇರೆ ಜಾತಿಯದು:

ರೆಕ್ಕೆ ಇದ್ದೂ ಹಾರಲಿಲ್ಲ, ನಿಮ್ಮ ಬಿಟ್ಟು ಹೋಗಲಿಲ್ಲ,
ಮಣ್ಣ ಮೇಲೆ ನಿಂತ ಕಾಲು ಹಾವಿಗೂ ಹೆದರಲಿಲ್ಲ.

ನಿಧಾನವಾದ, ತಬಲಾ ಇಲ್ಲದ ಹಾಡು. ನವ್ಯಶ್ರೀಯ ದನಿ ಸಣ್ಣದು, ಆದರೆ ಶ್ರುತಿ ಬಿಟ್ಟು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಮೇಷ್ಟ್ರಿಗೆ ಅವಳ ಮೇಲೆ ನಿಜವಾಗಿ ಪ್ರೀತಿ ಬಂದಿತ್ತು. ಪ್ರೀತಿ ಬಂದವರನ್ನು ಅವರು ಹೆಸರು ಹಿಡಿದು ಕರೆಯುವವರಲ್ಲ. “ಲೇ ಕೋಳಿ, ಮುಂದಕ್ಕೆ ಬಾರಲೇ,” ಎನ್ನುತ್ತಿದ್ದರು. ಮಿಸ್ಸಿನೆದುರು ಬಾಯಿ ಕಟ್ಟಿಕೊಂಡಿದ್ದ ಮಕ್ಕಳಿಗೆ ಇದರಿಂದ ಒಳ್ಳೆಯದೇ ಆಯಿತು. ಮೇಷ್ಟ್ರೇ ಕರೆದಮೇಲೆ ತಾವೂ ಕರೆಯಬಹುದಲ್ಲ. ನವ್ಯಶ್ರೀ ಎಲ್ಲದಕ್ಕೂ ಬಂದಳು, ನಿಂತಳು, ನಡುವೆ ಕೂತು ಹಂಗಿಸಿಕೊಂಡಳು. ಕೊನೆಯ ಹಾಡಿನ ಸರದಿ ಬಂದಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಿದ್ದಳು. ಮನೆಯಲ್ಲಿ ಕೋಳಿಗಳಿಗೆ ನೀರಿಡುವಾಗಲೂ ಅದನ್ನೇ ಹಾಡುತ್ತಿದ್ದಳಂತೆ.

ವಾರ್ಷಿಕೋತ್ಸವ ಚಳಿಗಾಲದ ಒಂದು ಸಂಜೆ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಸೀರಿಯಲ್ ಲೈಟು, ಹಿಂದೆ ಅಡುಗೆಯವರ ಹಂಡೆಗಳು. ಊರಿಗೆ ಊರೇ ಬಂದಿತ್ತು. ಪವಿತ್ರ ಒಂದು ಗಂಟೆ ಮೊದಲೇ ಬಿಡಿ ಎಂದು ಫಾರಂನಲ್ಲಿ ಕೇಳಿಕೊಂಡು, ಸ್ನಾನ ಮಾಡಿ, ಹೂ ಮುಡಿದು ಬಂದು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಅತಿಥಿಗಳು ತಡವಾಗಿ ಬಂದು ತಡವಾಗಿಯೇ ಭಾಷಣ ಮುಗಿಸಿದರು. ಆಮೇಲೆ ನಾಟಕ.

ಮುಖಕ್ಕೆ ಬಿಳಿ ಬಣ್ಣ, ರಟ್ಟಿನ ಕೊಕ್ಕು, ತಲೆಗೆ ಕೆಂಪು ಬಟ್ಟೆಯ ಜುಟ್ಟು ಕಟ್ಟಿಕೊಂಡು ನವ್ಯಶ್ರೀ ಬಂದಳು. ಹಕ್ಕಿಗಳು ಸುತ್ತುವರಿದವು. ಸಿಂಚನ ಸೊಂಟದ ಮೇಲೆ ಕೈಯಿಟ್ಟು ಕೊಕ್ಕೊಕ್ಕೊ ಕೋಳಮ್ಮ ಎಂದು ಎತ್ತಿದಳು ನೋಡಿ, ಮೈದಾನವೇ ಅಲುಗಿತು. ಮೊದಲ ಬಿಡುವಿಗೇ ಜನರ ಬಾಯಿಂದ ಕೊಕ್ ಕೊಕ್ ಬಂತು. ಹಾಡು ಮುಗಿದದ್ದೇ ತಡ, ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು. ಆಮೇಲೆ ಎಲ್ಲರೂ ಎಂದರು.

ಮುನಿರಾಮಯ್ಯ ಮೇಷ್ಟ್ರು ನುಡಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರ ಕಿವಿ ಜನರ ಮೇಲೆ. ಮಕ್ಕಳ ನಾಟಕಕ್ಕೆ ಒನ್ಸ್ ಮೋರ್ ಬಿದ್ದದ್ದನ್ನು ಅವರು ಬದುಕಿನಲ್ಲೇ ಕೇಳಿರಲಿಲ್ಲ. ಬಿದ್ದದ್ದು ಮೊಮ್ಮಗಳ ಹಾಡಿಗೆ. ಬೆರಳುಗಳು ಮತ್ತೆ ಓಡಿದವು. ಹಕ್ಕಿಗಳು ಮತ್ತೆ ಸುತ್ತು ಹಾಕಿದವು. ನವ್ಯಶ್ರೀ ಮತ್ತೆ ನಡುವೆ ಕುಸಿದು ಕೂತಳು. ಅದು ಮುಗಿಯಿತು, ಇನ್ನೊಮ್ಮೆ ಒನ್ಸ್ ಮೋರ್ ಬಿತ್ತು. ಪಂಚಾಯ್ತಿ ಮೆಂಬರ್ ಕೆಂಪರಾಜು ಸ್ಟೇಜ್ ಹತ್ತಿ, ಮೈಕ್ ಕೈಗೆ ತೆಗೆದುಕೊಂಡು, ಕೋಳಿ ಹಾಡು ಹಾಡಿದ ನಮ್ಮೂರ ಕೋಗಿಲೆಗೆ ಎಂದು ಸಿಂಚನಳಿಗೆ ಹಾರ ಹಾಕಿ ಶಾಲು ಹೊದಿಸಿದ. ನಾಟಕದ ನಡುವೆ ಹೀಗೆ ಬಂದು ಸನ್ಮಾನ ಮಾಡುವುದು ನಮ್ಮವರ ಹಳೆಯ ಚಟ. ಅಷ್ಟು ಹೊತ್ತೂ ಕೋಳಿ ಮೊಣಕಾಲೂರಿ ಕೂತೇ ಇತ್ತು. ಏಳು ಎಂದು ಯಾರೂ ಹೇಳಿರಲಿಲ್ಲ. ಹಾರ ಹಾಕಿದ ಮೇಲೆ ಮತ್ತೆ ಹಾಡದೆ ಇರಲಾಗುತ್ತದೆಯೇ?

ಮೂರನೆಯ ಸಲ ನವ್ಯಶ್ರೀ ನಟಿಸುವುದನ್ನು ಬಿಟ್ಟಿದ್ದಳು. ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು. ಜನ ಅದನ್ನೂ ನಟನೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮಸ್ತಾನ್ ತಬಲಾದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಾಳ ನಿಂತದ್ದಕ್ಕೆ ಮೇಷ್ಟ್ರು ಕಣ್ಣು ಬಿಟ್ಟು, ಸ್ಟೇಜಿನ ಕಡೆ ನೋಡಲಿಲ್ಲ, ಮಸ್ತಾನ್ ಕಡೆ ಕೆಕ್ಕರಿಸಿ ನೋಡಿದರು. ತಬಲಾ ಇಲ್ಲದೆಯೇ ಹಾಡು ಮುಗಿಸಿದರು.

ಆ ಹೊತ್ತಿಗೆ ಹೆಡ್‌ಮಾಸ್ಟರು ಬಗ್ಗಿ ಬಂದು ಕಿವಿಯಲ್ಲಿ ಹೇಳಿದರು: “ಮೇಷ್ಟ್ರೇ, ಬೇಗ ಮುಗಿಸಿ. ಅತಿಥಿಗಳು ಹೊರಡಬೇಕಂತೆ. ಅನ್ನ ಬೇರೆ ಆರ್ತಾ ಇದೆ.” ಮೇಷ್ಟ್ರು ತಮಗೆ ಗೊತ್ತಿದ್ದದ್ದನ್ನೇ ಮಾಡಿದರು. ಹಾವಿನ ದೃಶ್ಯ ಹಾರಿಸಿದರು. ಹಕ್ಕಿಗಳು ನಾಚಿ ಹಿಂದಿರುಗುವುದನ್ನೂ ಹಾರಿಸಿದರು. ಕೊನೆಯ ಹಾಡನ್ನೂ ಹಾರಿಸಿ, ಮಕ್ಕಳಿಗೆಲ್ಲ ಸಾಲಾಗಿ ನಿಲ್ಲಿ ಎಂದು ಕೈಸನ್ನೆ ಮಾಡಿ, ಮಂಗಳದ ಸ್ವರ ಹಿಡಿದರು. ಪರದೆ ಬಿತ್ತು. ಜನ ಊಟಕ್ಕೆ ಎದ್ದರು. ಹಂಗಿಸಿಕೊಂಡ ಕೋಳಿ ಗೆದ್ದಳೋ ಸೋತಳೋ ಎಂದು ಕೇಳಿದವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ.

ಪೆಟ್ಟಿಗೆ ಕಟ್ಟುವಾಗ ಮಸ್ತಾನ್ ಕೇಳಿದರು: “ಆ ಮಗೂ ಹಾಡು?”

“ಟೈಂ ಎಲ್ಲಿತ್ತೋ ಮಸ್ತಾನ್? ಮಂಗಳ ಆಗ್ಬೇಕಲ್ಲ.”

ಮಸ್ತಾನ್ ತಬಲಾ ಚೀಲ ಹೆಗಲಿಗೇರಿಸಿಕೊಂಡು, ಊಟವನ್ನೂ ಮಾಡದೆ ಹೊರಟರು. ಮೇಷ್ಟ್ರು ಹೊಟ್ಟೆ ತುಂಬ ಉಂಡು, ಎರಡೆರಡು ಒನ್ಸ್ ಮೋರ್ ಬಿದ್ದ ವಿಷಯವನ್ನು ಸೊಸೆಗೆ ವರ್ಣಿಸಿ, ಸುಖವಾಗಿ ನಿದ್ದೆ ಮಾಡಿದರು. ಆಮೇಲೆ ಅವರು ಅತಿ ಹೆಚ್ಚು ನಾಚಿದ್ದು ಆ ನಿದ್ದೆಗೆ.

ಹಾಡು ಊರು ಹಿಡಿಯಿತು. ಯಾರೋ ತೆಗೆದ ವಿಡಿಯೊ ಫೋನಿನಿಂದ ಫೋನಿಗೆ ಹೋಗಿ, ಪಕ್ಕದ ಊರು, ಅದರ ಪಕ್ಕದ ಊರು, ನಲ್ಲೂರು, ವಿಜಯಪುರದವರೆಗೆ ಮುಟ್ಟಿತು. ಆಟೋ ಹುಡುಗರ ರಿಂಗ್‌ಟೋನೂ ಅದೇ ಆಯಿತು. ಬಸ್ಸಿನಲ್ಲಿ ಮೇಷ್ಟ್ರನ್ನು ಕಂಡವರು ಎದ್ದು ಸೀಟು ಬಿಟ್ಟುಕೊಟ್ಟು, ಕೋಳಿ ಹಾಡು ನಿಮ್ದೇ ಅಂತಲ್ಲ ಎಂದು ಮಾತಾಡಿಸಿದರು. ಅವರೂ ಹೌದಪ್ಪಾ ಎಂದು ಮೀಸೆಯಡಿ ನಕ್ಕರು. ಆ ವಾರವೆಲ್ಲ ನಕ್ಕುಕೊಂಡೇ ಇದ್ದರು.

ಮುಂದಿನ ವಾರ ಒಂದು ಬೆಳಿಗ್ಗೆ ಹಾಲಿನ ಡೈರಿಗೆ ಹೋದರು. ಪವಿತ್ರ ಕ್ಯೂನಲ್ಲಿ ನಿಂತಿದ್ದಳು. ಡೈರಿ ಕಟ್ಟೆಯ ಮೇಲೆ ಕೂತಿದ್ದ ನಾಲ್ಕಾರು ಪುಟ್ಟ ಮಕ್ಕಳು, ಇನ್ನೂ ಶಾಲೆಗೂ ಸೇರದವು, ಅವಳನ್ನು ನೋಡಿ ಹಾಡು ತೆಗೆದವು. ಮಟ್ಟು ಒಂದಿಷ್ಟೂ ತಪ್ಪಲಿಲ್ಲ. ಸಾಲಿನ ಕೊನೆಯ ಬಿಡುವು, ಎರಡು ಮೊಟಕು ಸ್ವರ, ಎಲ್ಲವೂ ಮೇಷ್ಟ್ರು ಹಾಕಿದ್ದಂತೆಯೇ ಇತ್ತು. ದೊಡ್ಡವರೂ ಮುಖ ತಿರುಗಿಸಿಕೊಂಡು ನಕ್ಕರು. ಪವಿತ್ರ ಹಾಲಿನ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು, ಅಷ್ಟೇ.

ಮೇಷ್ಟ್ರಿಗೆ ಆ ಕ್ಷಣ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮಕ್ಕಳನ್ನು ಗದರಿಸಲು ಬಾಯಿ ತೆರೆದರು, ಏನೆಂದು ಗದರಿಸುವುದು? ಆ ಹಾಡು ಹಾಡಬೇಡಿ ಎನ್ನುವ ಮುಖವೇ ಅವರಿಗಿರಲಿಲ್ಲ. ಪವಿತ್ರ ಕ್ಯೂ ಬಿಟ್ಟು ಅವರ ಬಳಿ ಬಂದಳು. ಕೈಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಒಗೆದು, ಮಡಿಸಿ ಇಟ್ಟ ಕೆಂಪು ಬಟ್ಟೆಯ ಜುಟ್ಟು.

“ನಾಟಕದ್ದು. ಮಿಸ್ಸಿಗೆ ಕೊಡೋಣ ಅಂದ್ರೆ ಶಾಲೆ ಹತ್ರ ಹೋಗಕ್ಕೆ ಆಗ್ತಿಲ್ಲ. ನೀವೇ ಕೊಟ್ಬಿಡಿ ಮೇಷ್ಟ್ರೇ.”

“ಪವಿತ್ರಮ್ಮ, ಅವತ್ತು ಟೈಂ ಆಗೋಗಿತ್ತು ಕಣವ್ವ. ಅದಕ್ಕೇ...”

“ಅವಳು ಹಾಡಿದ್ಲು,” ಎಂದಳು ಪವಿತ್ರ. “ನೀವು ಮಂಗಳ ನುಡಿಸ್ತಿದ್ರಲ್ಲ, ಎಲ್ಲಾರೂ ಸಾಲಾಗಿ ನಿಂತು ಮಂಗಳ ಹಾಡ್ತಿದ್ರೆ ನನ್ನ ಮಗಳು ಕೊನೇಲಿ ನಿಂತ್ಕೊಂಡು ತನ್ನ ಹಾಡು ಹಾಡಿದ್ಲು. ನಾನು ಅವಳ ಬಾಯನ್ನೇ ನೋಡ್ತಿದ್ದೆ. ಪೂರ್ತಿ ಹಾಡಿದ್ಲು. ಯಾರಿಗೂ ಕೇಳಿಸ್ಲಿಲ್ಲ.”

ಮೇಷ್ಟ್ರಿಗೆ ಕೇಳಿಸಿತ್ತು. ಅದು ಈಗ ನೆನಪಾಯಿತು. ಮಂಗಳದ ನಡುವೆ ಎಲ್ಲೋ ಒಂದು ಸಣ್ಣ ದನಿ ಬೇರೆ ದಾರಿ ಹಿಡಿದಂತೆ ಕೇಳಿ, ಯಾವ ಮಗುವೋ ಶ್ರುತಿ ಬಿಟ್ಟಿತೆಂದು ರೇಗಿ, ಅದು ಮುಚ್ಚಿಹೋಗಲಿ ಎಂದು ತಿದಿಯನ್ನು ಜೋರಾಗಿ ಒತ್ತಿದ್ದರು. ಆ ಮಾತನ್ನು ಪವಿತ್ರಳ ಎದುರು ಹೇಳಲು ಅವರಿಂದಾಗಲಿಲ್ಲ. ಹಾಲು ತೆಗೆದುಕೊಳ್ಳದೆ ಮನೆಗೆ ಬಂದರು.

ಮನೆಗೆ ಬಂದವರು ಮಿಸ್ಸಿಗೆ ಫೋನ್ ಮಾಡಿ, ಆ ಹೆಸರು ಮೊದಲು ಇಟ್ಟವರು ಯಾರೆಂದು ಕೇಳಿ, ಸಿಂಚನಳನ್ನು ಕರೆದು ನಿಲ್ಲಿಸಿದರು. ಕೋಪ ಯಾರ ಮೇಲಾದರೂ ಇಳಿಯಬೇಕಿತ್ತು.

“ನೀನೇ ಅಂತಲ್ಲ, ಆ ಮಗೂನ ಮೊದಲು ಕೋಳಿ ಅಂದಿದ್ದು? ಮಿಸ್ಸು ಈವತ್ತು ಫೋನಲ್ಲಿ ಹೇಳಿದ್ರು. ನಾಚ್ಕೆ ಆಗಲ್ವಾ ನಿಂಗೆ?”

ಸಿಂಚನ ಅಳಲಿಲ್ಲ. ಕಾಲ್ಬೆರಳು ನೋಡುತ್ತ, “ಆಗ್ತದೆ ತಾತ,” ಎಂದಳು. “ಎರಡನೇ ಸಲ ಹಾಡೋವಾಗ ಅವಳು ಅಳ್ತಿದ್ಲು. ನನ್ನ ಹತ್ರಾನೇ ಕೂತಿದ್ಲಲ್ಲ, ಗೊತ್ತಾಯ್ತು. ನಿಲ್ಲಿಸ್ಲಾ ಅಂತ ನಿಮ್ಮ ಮುಖ ನೋಡ್ದೆ. ನೀವು ಕಣ್ಣು ಮುಚ್ಕೊಂಡಿದ್ರಿ. ನೀವು ನುಡಿಸ್ತಿದ್ರೆ ನಾನು ಹೆಂಗೆ ನಿಲ್ಲಿಸೋದು?”

ಹೋಬಳಿಯ ಭೀಮ ದುರ್ಯೋಧನರನ್ನೆಲ್ಲ ಬೈದು ನೀರಿಳಿಸಿದ ಮನುಷ್ಯ ಆರನೇ ಕ್ಲಾಸಿನ ಹುಡುಗಿಯ ಮುಂದೆ ತಲೆ ತಗ್ಗಿಸಿ ಕೂತರು.

ಮಾರನೆಯ ದಿನ ಕೆಂಪು ಜುಟ್ಟಿನ ಪೊಟ್ಟಣ ಹಿಡಿದು ಶಾಲೆಗೆ ಹೋದರು. ನವ್ಯಶ್ರೀ ಬಂದಿರಲಿಲ್ಲ, ನಾಟಕದ ಮಾರನೆಯ ದಿನದಿಂದಲೂ ಬಂದಿರಲಿಲ್ಲ. ಪರೀಕ್ಷೆಗೆ ಮಾತ್ರ ಬರುತ್ತಾಳಂತೆ, ಆಮೇಲೆ ಟಿಸಿ ಕೊಡಿ ಎಂದು ತಾಯಿ ಫೋನಿನಲ್ಲಿ ಕೇಳಿದ್ದಾಳಂತೆ. ಹೇಳುವಾಗ ಪದ್ಮಶ್ರೀ ಮಿಸ್ಸಿನ ಕಣ್ಣು ಕೆಂಪಾಗಿತ್ತು. ಯಾರನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕೆಂದು ನಾಟಕ ಕಟ್ಟಿದರೋ ಅವಳನ್ನೇ ನಾಟಕ ಶಾಲೆಯಿಂದ ಆಚೆ ಹಾಕಿತ್ತು.

“ಇನ್ನೊಂದ್ಸಲ ಆಡಿಸೋಣ ಮಿಸ್ಸೇ. ಪೂರ್ತಿ ಆಡಿಸ್ತೀನಿ. ಕೊನೇ ಹಾಡಿಂದಲೇ ಶುರು ಮಾಡಿಸ್ತೀನಿ ಬೇಕಾದ್ರೆ.”

“ಬೇಡ ಮೇಷ್ಟ್ರೇ,” ಎಂದರು ಮಿಸ್ಸು. “ಇನ್ನೊಂದು ಸಲ ಮಾತ್ರ ಬೇಡ.”

ಅಲ್ಲಿಂದಾಚೆ ಮುನಿರಾಮಯ್ಯನವರು ಕುಗ್ಗಿದರು. ದೊಡ್ಡಬಳ್ಳಾಪುರದ ಕಡೆಯ ಒಂದು ಊರಿನವರು ನಾಟಕಕ್ಕೆ ಕರೆಯಲು ಬಂದು, ಮೊದಲಿಗೆ ಆ ಕೋಳಿ ಹಾಡೂ ಇರಲಿ ಎಂದರು. ಅವರನ್ನು ಬಾಗಿಲಿಂದಲೇ ಕಳಿಸಿದರು. ತಮಟೆ ತಾತ ದಾರಿಯಲ್ಲಿ ಸಿಕ್ಕಿದ. ಅವನ ನಿಜವಾದ ಹೆಸರು ಗಂಗಣ್ಣ. ಮೇಷ್ಟ್ರು ಅಂದು ಮೊದಲ ಬಾರಿಗೆ ಗಂಗಣ್ಣ ಎಂದು ಕರೆದರು. ಯಾರನ್ನು ಕರೆಯುತ್ತಿದ್ದಾರೆಂದು ತಿಳಿಯದೆ ಅವನು ಹಿಂದೆ ತಿರುಗಿ ನೋಡಿದ. ಅದನ್ನು ಕಂಡು ಮೇಷ್ಟ್ರಿಗೆ ಮತ್ತಷ್ಟು ನಾಚಿಕೆಯಾಯಿತು.

ಬೇಸಿಗೆ ಕಳೆಯಿತು. ನವ್ಯಶ್ರೀ ವಿಜಯಪುರದ ಒಂದು ಶಾಲೆಗೆ ಏಳನೇ ಕ್ಲಾಸಿಗೆ ಸೇರಿದಳು, ಚನ್ನರಾಯಪಟ್ಟಣಕ್ಕೆ ನಡೆದುಬಂದು ಅಲ್ಲಿಂದ ಬಸ್ ಹತ್ತುತ್ತಾಳೆ ಎಂದು ಮೇಷ್ಟ್ರಿಗೆ ತಿಳಿಯಿತು. ಅವಳಲ್ಲಿ ಕ್ಷಮೆ ಕೇಳಬೇಕು. ದೊಡ್ಡವರು ಚಿಕ್ಕವರಲ್ಲಿ ಕ್ಷಮೆ ಕೇಳುವುದು ನಮ್ಮಲ್ಲಿ ವಾಡಿಕೆಯಿಲ್ಲ, ಹೇಗೆ ಕೇಳಬೇಕೆಂಬುದೂ ಅವರಿಗೆ ತಿಳಿಯದು. ಆದರೂ ಒಂದು ಬೆಳಿಗ್ಗೆ ಒಗೆದ ಪಂಚೆ ಉಟ್ಟು ಚನ್ನರಾಯಪಟ್ಟಣದ ಬಸ್ ಸ್ಟಾಪಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಬೇರೆ ಬೇರೆ ಹಳ್ಳಿಗಳ ಮಕ್ಕಳು ಅದೇ ಯೂನಿಫಾರಂನಲ್ಲಿ ಗುಂಪಾಗಿ ನಿಂತಿದ್ದರು. ಗುಂಪಿನಲ್ಲಿ ನವ್ಯಶ್ರೀಯೂ ಇದ್ದಳು. ಉದ್ದವಾಗಿದ್ದಳು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದ್ದಳು. ಪಕ್ಕದ ಹುಡುಗಿಯ ಹೆಗಲ ಮೇಲೆ ಕೈ ಹಾಕಿದ್ದಳು.

ಒಬ್ಬ ಹುಡುಗ ಕೊಕ್ಕೊಕ್ಕೊ ಕೋಳಮ್ಮ ಎಂದು ಶುರು ಮಾಡಿದ. ಯಾರನ್ನೂ ಕುರಿತು ಅಲ್ಲ, ಸುಮ್ಮನೆ, ಬಸ್ ಬರುವವರೆಗೆ ಹೊತ್ತು ಹೋಗಲೆಂದು. ಉಳಿದವರೂ ದನಿಗೂಡಿಸಿದರು. ಮೇಷ್ಟ್ರು ಬೆಂಚಿನಿಂದ ಅರ್ಧ ಎದ್ದರು. ಆಗ ಅವರಿಗೆ ಕೇಳಿಸಿತು. ಆ ಗುಂಪಿನಲ್ಲಿ ಒಂದು ದನಿ ಮಾತ್ರ ಶ್ರುತಿ ಬಿಟ್ಟು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ನವ್ಯಶ್ರೀ ಹಾಡುತ್ತಿದ್ದಳು. ಬಿಡುವು ಬಂದಾಗ ಎಲ್ಲರಿಗಿಂತ ಜೋರಾಗಿ ಕೊಕ್ ಕೊಕ್ ಎಂದಳು.

ಹಾಡು ಮುಗಿದ ಮೇಲೆ ಅವಳ ಕಣ್ಣು ಮೇಷ್ಟ್ರ ಮೇಲೆ ಬಿತ್ತು. ಗೆಳತಿಯ ಹೆಗಲ ಮೇಲಿದ್ದ ಕೈ ತೆಗೆದಳು. ನೀರು ಕುಡಿದು ಬರುತ್ತೇನೆಂದು ಗೆಳತಿಗೆ ಹೇಳಿ, ಬೆಂಚಿನ ಹಿಂದಿದ್ದ ನಲ್ಲಿಯ ಬಳಿ ಬಂದು, ಅವರ ಕಡೆ ನೋಡದೆ, ನಲ್ಲಿ ತಿರುಗಿಸುತ್ತ ಮಾತಾಡಿದಳು.

“ತಾತ, ನನ್ನ ಮಾತಾಡಿಸ್ಬೇಡಿ. ನಿಮ್ಮನ್ನ ಎಲ್ಲಾರೂ ವಿಡಿಯೊದಲ್ಲಿ ನೋಡವ್ರೆ. ನನ್ನ ಮುಖಕ್ಕೆ ಬಣ್ಣ ಇತ್ತಲ್ಲ, ಯಾರಿಗೂ ಗುರ್ತು ಸಿಕ್ಕಿಲ್ಲ. ನೀವು ನನ್ನ ಮಾತಾಡಿಸಿದ್ರೆ ಆ ಕೋಳಿ ನಾನೇ ಅಂತ ಗೊತ್ತಾಗ್ಬಿಡ್ತದೆ.”

“ಇಲ್ಲ ಕಣವ್ವ. ನಾನು ಬಂದಿದ್ದು...” ಎಂದರು ಮೇಷ್ಟ್ರು. “ನೀನೂ ಹಾಡ್ತಿದ್ಯಲ್ಲವ್ವ.”

“ಹಾಡ್ಲೇಬೇಕು ತಾತ. ಹಾಡ್ದೆ ನಿಂತ್ರೆ ಯಾಕೆ ಅಂತ ಕೇಳ್ತಾರೆ.”

ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು. ಯೂನಿಫಾರಂನ ತೋಳನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ನೋಡಿಕೊಂಡಳು. ಆಮೇಲೆ ನಗುಮುಖ ಮಾಡಿಕೊಂಡು ಗೆಳತಿಯರ ಕಡೆ ಓಡಿದಳು. ಅಷ್ಟರಲ್ಲಿ ಒಬ್ಬ ಹುಡುಗ ಮೇಷ್ಟ್ರನ್ನು ಗುರುತು ಹಿಡಿದ. ಕೋಳಿ ಹಾಡಿನ ಮೇಷ್ಟ್ರು ಕಣ್ರೋ ಎಂದು ಕೂಗಿದ. ಮಕ್ಕಳೆಲ್ಲ ಬೆಂಚಿನ ಸುತ್ತ ನೆರೆದರು.

“ತಾತ, ಆ ವಿಡಿಯೊದಲ್ಲಿ ಕೋಳಿ ಆಗಿದ್ಳಲ್ಲ, ಅವಳು ಯಾವೂರು? ಈಗ ಎಲ್ಲವ್ಳೆ?” ಎಂದು ಆ ಹುಡುಗ ಕೇಳಿದ.

ನವ್ಯಶ್ರೀ ಗುಂಪಿನ ಹಿಂದೆ ಗೆಳತಿಯ ಕೈ ಬಿಗಿಯಾಗಿ ಹಿಡಿದು ನಿಂತಿದ್ದಳು. ಮುನಿರಾಮಯ್ಯ ಮೇಷ್ಟ್ರು ಅವಳೊಬ್ಬಳನ್ನು ಬಿಟ್ಟು ಉಳಿದ ಮಕ್ಕಳನ್ನೆಲ್ಲ ಒಂದು ಸುತ್ತು ನೋಡಿದರು.

“ಅವಳ ಹೆಸರು ನಂಗೆ ನೆನಪಿಲ್ಲ ಕಣ್ರಪ್ಪಾ,” ಎಂದರು.